ಗುರಿ ಹಿಡಿದವರ ಭುಜ ಮುಟ್ಟಬಾರದು

ಜನವರಿಯ ಕೊನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಜಾಗ, ಬಾಗಲೂರಿನ ಆಚೆ ಕೃಷ್ಣಪ್ಪನ ತೋಟದ ಶೆಡ್ಡು. ಹಾಜರಿದ್ದವರು: ಶೆಡ್ಡಿನ ಯಜಮಾನ ಕೃಷ್ಣಪ್ಪ, ಕಾರ್ಖಾನೆಯಲ್ಲಿ ಲೇತ್ ಓಡಿಸುವ ಸೆಲ್ವಂ, ನನ್ನ ಗೆಳತಿ ನಾಗವೇಣಿ, ಮತ್ತು ನಾನು. ಹೀಗೆ ಹಾಜರಿ ಹಾಕಿ ಶುರು ಮಾಡಿದ್ದಕ್ಕೆ ನಗಬೇಡಿ. ಹೊಸೂರಿನ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ಹೆಸರು ಕೂಗಿದ ಬಾಯಿ ಇದು. ಹಾಜರಿ ಕೂಗದೆ ಯಾವುದನ್ನಾದರೂ ಶುರು ಮಾಡಿದರೆ ಇಂದಿಗೂ ನನಗೆ ಹಲ್ಲುಜ್ಜದೆ ಕಾಫಿ ಕುಡಿದ ಹಾಗಾಗುತ್ತದೆ.

ನಾವು ಭಾನುವಾರ ಬೆಳಿಗ್ಗೆ ಅಲ್ಲಿ ಸೇರುವುದು ಏರ್ ರೈಫಲ್ ಹೊಡೆಯಲಿಕ್ಕೆ. ಹಕ್ಕಿಗಲ್ಲ, ಅಳಿಲಿಗಲ್ಲ, ಕಾಗದದ ಕಾರ್ಡಿಗೆ. ಅಂಗೈಯಗಲದ ಕಾರ್ಡು, ನಡುವೆ ಕಪ್ಪು ವೃತ್ತ, ವೃತ್ತದೊಳಗೆ ವೃತ್ತ. ಇದನ್ನು ಕೇಳಿದವರೆಲ್ಲ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಸೀರೆ ನೋಡುತ್ತಾರೆ. "ಈ ವಯಸ್ಸಲ್ಲಿ?" ಎನ್ನುತ್ತಾರೆ. ಈ ವಯಸ್ಸಿನಲ್ಲಿ ಕಣ್ಣಿಗೆ ದೂರದ್ದೇ ಚೆನ್ನಾಗಿ ಕಾಣುವುದು, ಹತ್ತಿರದ್ದಲ್ಲ. ಇದಕ್ಕಿಂತ ಅನುಕೂಲವಾದ ಆಟ ಇನ್ನೊಂದಿಲ್ಲ ಎನ್ನುತ್ತೇನೆ. ರೈಫಲ್ಲಿನ ನಳಿಗೆ ತುದಿಯ ಗುರಿಕಡ್ಡಿ ಮಸುಕಾಗಿ ಕಾಣುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಶೆಡ್ಡು ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಉದ್ದಕ್ಕಿದೆ, ಇಕ್ಕಟ್ಟಾಗಿದೆ, ಕಿಟಕಿಗಳು ಎತ್ತರದಲ್ಲಿವೆ. ಹುಳು ಸಾಕುವುದನ್ನು ಬಿಟ್ಟು ಕೃಷ್ಣಪ್ಪ ಗುಲಾಬಿಗೆ ತಿರುಗಿದ ಮೇಲೆ ಅದರಲ್ಲಿ ಹಳೇ ತಟ್ಟೆ, ಗೊಬ್ಬರದ ಚೀಲ ತುಂಬಿಕೊಂಡಿದ್ದವು. ಗುಲಾಬಿ ಗಿಡ ಕೊಳ್ಳಲು ಹೋದ ನಾಗು ಅದರೊಳಗೆ ಇಣುಕಿ, "ಕೃಷ್ಣಪ್ಪಾ, ಆ ಗೋಡೆಗೆ ಮರಳಿನ ಮೂಟೆ ಒಟ್ಟಿ, ಈ ಕಡೆ ನಾಲ್ಕು ಬೆಂಚು ಹಾಕಿದ್ರೆ ಏನಾಗತ್ತೆ ಗೊತ್ತಾ?" ಎಂದು ಕೇಳಿದಳಂತೆ. ಕೃಷ್ಣಪ್ಪ, "ಏನಾಯ್ತದಕ್ಕ, ಮದುವೆ ಛತ್ರ ಆಯ್ತದೆ" ಎಂದನಂತೆ. ಹೀಗೆ ಹುಟ್ಟಿದ್ದು ನಮ್ಮ ರೇಂಜು. ಯೋಚನೆ ನಾಗುವಿನದು, ಜಾಗ ಕೃಷ್ಣಪ್ಪನದು, ಬೆಂಚಿನ ಕಬ್ಬಿಣದ ಕೆಲಸ ಸೆಲ್ವಂನದು. ನಿಯಮ ಮಾತ್ರ ನನ್ನದು. ನನ್ನಿಂದ ಇನ್ನೇನು ಸಾಧ್ಯ?

ನಿಯಮಗಳನ್ನು ನಾನು ಗೋಡೆಗೆ ಅಂಟಿಸಿಲ್ಲ. ಅಂಟಿಸಿದ್ದನ್ನು ಯಾರೂ ಓದುವುದಿಲ್ಲ ಎಂದು ಶಾಲೆಯಲ್ಲೇ ಕಲಿತೆ. ಬಾಯಲ್ಲೇ ಹೇಳುತ್ತೇನೆ, ಪ್ರತಿ ವಾರವೂ ಹೇಳುತ್ತೇನೆ. ರೈಫಲ್ಲಿನ ಬಾಯಿ ಯಾವಾಗಲೂ ಮರಳಿನ ಮೂಟೆಯ ಕಡೆಗೇ ಇರಬೇಕು. ಖಾಲಿ ಇದ್ದರೂ, ಕೆಟ್ಟು ಹೋಗಿದ್ದರೂ, ಮಾತಿನ ಮಧ್ಯೆ ತಿರುಗಿದರೂ. ಹೊಡೆಯುವ ನಿರ್ಧಾರ ಆಗುವವರೆಗೆ ಬೆರಳು ಕುದುರೆಯ, ಅಂದರೆ ಟ್ರಿಗರಿನ, ಮೇಲೆ ಬರಬಾರದು. ಕೆಳಗಿಟ್ಟಾಗ ನಳಿಗೆ ಬುಡದಲ್ಲಿ ಮಡಚಿ ತೆರೆದೇ ಇರಬೇಕು, ದೂರದಿಂದ ನೋಡಿದವರಿಗೂ ಖಾಲಿ ಎಂದು ಗೊತ್ತಾಗುವಂತೆ. ಅದರೊಳಗೆ ಬಣ್ಣದ ದಾರ ತೂರಿಸಿರಬೇಕು. ದೊಡ್ಡ ರೇಂಜುಗಳಲ್ಲಿ ಅದಕ್ಕೆಂದೇ ಮಾಡಿದ ದಾರ ಸಿಗುತ್ತದಂತೆ. ನಮ್ಮದು ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ, ಕಿತ್ತಳೆ ಬಣ್ಣದ್ದು. ಇನ್ನೊಬ್ಬರ ರೈಫಲ್ಲನ್ನು ಕೇಳದೆ ಮುಟ್ಟಬಾರದು. ಇನ್ನೊಬ್ಬರ ಕಾರ್ಡು ನೋಡಿ ತುಟಿ ಸೊಟ್ಟ ಮಾಡಬಾರದು. ಸೀಸದ ಗುಂಡು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಾಫಿ ಲೋಟ ಹಿಡಿಯಬಾರದು.

ಈ ಅಭ್ಯಾಸ ಮನೆಯವರೆಗೂ ಬಂದುಬಿಟ್ಟಿದೆ. ಚಾಕುವಿನ ತುದಿ ಗೋಡೆಯ ಕಡೆಗಿರಬೇಕು ನನಗೆ. ಮಳೆಗಾಲದಲ್ಲಿ ಮೊಮ್ಮಗಳು ಮಡಚಿದ ಛತ್ರಿಯನ್ನು ನನ್ನ ಹೊಟ್ಟೆಗೆ ನೇರ ಹಿಡಿದು ಮಾತಾಡುತ್ತಿದ್ದಾಗ, "ತುದಿ ಕೆಳಗೆ!" ಎಂದು ಗದರಿದೆ. ಸೊಸೆ ಒಳಗಿನಿಂದಲೇ, "ಅತ್ತೆ, ಅದರಲ್ಲಿ ಗುಂಡಿಲ್ಲ" ಎಂದಳು. ಒಮ್ಮೆ ಕೃಷ್ಣಗಿರಿಯಲ್ಲಿ ಮಾವಿನ ಹಣ್ಣಿನ ಪ್ರದರ್ಶನಕ್ಕೆ ಹೋಗಿದ್ದೆವು. ಅಲ್ಲಿ ಬಲೂನ್ ಹೊಡೆಯುವ ಅಂಗಡಿಯವನು ಬಂದೂಕನ್ನು ಹೆಗಲ ಮೇಲೆ ಅಡ್ಡ ಹೊತ್ತು ಚಿಲ್ಲರೆ ಎಣಿಸುತ್ತಿದ್ದ. ಬಾಯಿ ಸರಿಯಾಗಿ ಐಸ್‌ಕ್ರೀಂ ಗಾಡಿಯ ಕಡೆಗೆ. ನಾನು ಹೋಗಿ ತಮಿಳಿನಲ್ಲಿ ಒಂದು ಪಾಠ ಮಾಡಿದೆ. ಅವನು ಪೂರ್ತಿ ಕೇಳಿ, "ಪಾಟಿ, ಬಲೂನ್ ಸುಡ್ರೀಂಗಳಾ ಇಲ್ಲಿಯಾ?" ಎಂದ. ಅಜ್ಜಿ, ಬಲೂನು ಹೊಡೆಯುತ್ತೀರೋ ಇಲ್ಲವೋ? ಹೊಡೆದೆ. ಒಂದೂ ಒಡೆಯಲಿಲ್ಲ. ಪಕ್ಕದಲ್ಲಿದ್ದ ನಾಗು ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಗುರಿಕಡ್ಡಿ ಬಾಗಿ ಗುಂಡು ಎಡಕ್ಕೆ ಹೋಗುತ್ತಿದೆ ಎಂದು ಕಂಡುಹಿಡಿದು, ಅಷ್ಟೇ ಬಲಕ್ಕೆ ಹಿಡಿದು ಸಾಲಾಗಿ ಒಡೆಯುತ್ತ ಹೋದಳು. ಅಂಗಡಿಯವನು ಕೊನೆಗೆ ಕೈ ಮುಗಿದ.

ನಾಗು ಹಾಗೆಯೇ. ನನಗೆ ನಿಯಮ ಬಂತು, ಅವಳಿಗೆ ಗುರಿ ಬಂತು. ಇಬ್ಬರೂ ಕಲಿತದ್ದು ಒಂದೇ ಕಡೆ, ಹೊಸೂರಿನ ಹೈಸ್ಕೂಲಿನಲ್ಲಿ, ಎನ್.ಸಿ.ಸಿ. ಸೇರಿ. ದೇಶಸೇವೆಗೆಂದು ಸೇರಿದೆವು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಿಜ ಹೇಳುತ್ತೇನೆ, ಪೂರಿಗೆ ಸೇರಿದ್ದು. ಕವಾಯತು ಮುಗಿದ ಮೇಲೆ ಮುತ್ತುಗದ ಎಲೆಯಲ್ಲಿ ಪೂರಿ, ಆಲೂಗಡ್ಡೆ ಪಲ್ಯ ಕೊಡುತ್ತಿದ್ದರು. ನಮ್ಮ ಮನೆಗಳಲ್ಲಿ ಪೂರಿ ಎಂದರೆ ಹಬ್ಬ. ಆ ಪೂರಿಗಾಗಿ ಗೋಣಿಚೀಲದ ಮೇಲೆ ಬೋರಲು ಮಲಗಿ, ಮೊಣಕೈಗೆ ಕಲ್ಲು ಚುಚ್ಚಿಸಿಕೊಂಡು, ನಮಗಿಂತ ಭಾರವಾದ ರೈಫಲ್ ಹಿಡಿಯುತ್ತಿದ್ದೆವು. ಹಿಂದಿಯಲ್ಲಿ ಕೂಗುವ ಹವಾಲ್ದಾರರೊಬ್ಬರು. ಅವರ ಮಾತು ನಮಗೆ ಅರ್ಧ ತಿಳಿಯುತ್ತಿರಲಿಲ್ಲ, ಆದರೆ 'ನಿಲ್ಲಿಸಿ' ಎಂದಾಗ ಉಸಿರೂ ನಿಲ್ಲುತ್ತಿತ್ತು. ಹೊಡೆದ ತೋಟೆಯ ಹಿತ್ತಾಳೆ ಸಿಪ್ಪೆಯೆಲ್ಲ ಸಿಕ್ಕುವ ತನಕ ಯಾರೂ ಮನೆಗೆ ಹೋಗುವಂತಿರಲಿಲ್ಲ. ಸಂಜೆ ಬೆಳಕಿನಲ್ಲಿ ನಾವೆಲ್ಲ ಹುಲ್ಲಿನಲ್ಲಿ ಮಂಡಿಯೂರಿ ಹುಡುಕುತ್ತಿದ್ದರೆ, ದಾರಿಹೋಕರು ಯಾರದೋ ಮೂಗುಬೊಟ್ಟು ಕಳೆದಿದೆ ಎಂದುಕೊಂಡು ತಾವೂ ಬಗ್ಗಿ ಹುಡುಕುತ್ತಿದ್ದರು.

ಆ ಹವಾಲ್ದಾರರು ಹೇಳಿಕೊಟ್ಟದ್ದರಲ್ಲಿ ನನಗೆ ಗಟ್ಟಿಯಾಗಿ ಕೂತದ್ದು ಒಂದು: ಗುರಿ ಹಿಡಿದವರ ಭುಜ ಮುಟ್ಟಬಾರದು. ಎಷ್ಟೇ ಅವಸರವಿರಲಿ, ಮುಟ್ಟಬಾರದು. ಗುರಿ ಹಿಡಿದವರ ಜೀವವೆಲ್ಲ ಒಂದು ಬೆರಳಿನಲ್ಲಿರುತ್ತದೆ. ಹಿಂದಿನಿಂದ ಕೈ ಬಿದ್ದರೆ ಮೈ ಬೆಚ್ಚುತ್ತದೆ, ಬೆಚ್ಚಿದ ಮೈಯಲ್ಲಿ ಮೊದಲು ಮಡಚಿಕೊಳ್ಳುವುದು ಆ ಬೆರಳು. ಮಾತಿನಲ್ಲಿ ನಿಲ್ಲಿಸಬೇಕು, ಕೈಯಲ್ಲಲ್ಲ. ನಮ್ಮ ರೇಂಜಿನಲ್ಲೂ ಅದೇ ನಿಯಮ ಇಟ್ಟೆ. ಮಾತು ಯಾವ ಭಾಷೆಯದು ಎಂಬುದಕ್ಕೆ ಮಾತ್ರ ಸ್ವಲ್ಪ ಚರ್ಚೆಯಾಯಿತು. ಕೃಷ್ಣಪ್ಪನ ಮನೆಯಲ್ಲಿ ತೆಲುಗು, ಸೆಲ್ವಂಗೆ ತಮಿಳು, ನಮಗಿಬ್ಬರಿಗೆ ಕನ್ನಡ. ಮೂರರಲ್ಲೂ ಕೂಗುವಷ್ಟರಲ್ಲಿ ಯಾರಿಗಾದರೂ ತಗುಲಿರುತ್ತದೆ ಎಂದು ನಾಗು ಹೇಳಿದ್ದರಿಂದ 'ಸ್ಟಾಪ್' ಎಂದಾಯಿತು. ಸ್ಟಾಪ್ ಎಂದರೆ ಎಲ್ಲರೂ ನಳಿಗೆ ಮಡಚಿ, ದಾರ ತೂರಿಸಿ, ಬೆಂಚು ಬಿಟ್ಟು, ನೆಲಕ್ಕೆ ಬಳಿದ ಹಳದಿ ಗೆರೆಯ ಹಿಂದೆ ಬರಬೇಕು. ನಾನು ಎಲ್ಲ ಬೆಂಚನ್ನೂ ನೋಡಿ 'ಹೋಗಿ' ಎಂದ ಮೇಲೆ ಕಾರ್ಡು ಬದಲಿಸಲು ಮುಂದೆ ಹೋಗಬೇಕು. ಇದನ್ನು ಮೀರಿದವರಿಗೆ ಆ ದಿನ ಮತ್ತೆ ಬೆಂಚಿಲ್ಲ. ಯಾರೇ ಆಗಲಿ.

ಆ ಭಾನುವಾರ ನಾಗು ಬಂದದ್ದು ಖುಷಿಯಲ್ಲೇ. ಅವಳ ಕಿವಿ ಮಂದವಾಗಿ ಸುಮಾರು ದಿನವಾಗಿತ್ತು. ದೀಪಾವಳಿಯ ಹೊತ್ತಿಗೆ ಕಿವಿಗೆ ಮಿಷನ್ ಹಾಕಿಸಿಕೊಂಡಿದ್ದಳು. ಬರುವಾಗಲೂ ಅದು ಕಿವಿಯಲ್ಲಿತ್ತು. ಗೇಟಿನ ಹತ್ತಿರ ಕೃಷ್ಣಪ್ಪನ ಜೊತೆ ಗುಲಾಬಿಗೆ ಬಂದ ಹುಳುವಿನ ಬಗ್ಗೆ ಮಾತಾಡಿದಳು. "ಔಷಧಿ ಹೊಡ್ದ್ರೂ ಹೋಗ್ತಿಲ್ಲ ಕಣಕ್ಕ" ಎಂದ ಅವನು. "ನಿನ್ನ ಗುರಿ ನೋಡಿದ್ರೆ ಹುಳ ಯಾಕೆ ಹೆದರ್ಕೊಳತ್ತೆ?" ಎಂದಳು ಇವಳು. ಹಾಗಾಗಿ ನಾನು ನಿಶ್ಚಿಂತೆಯಾಗಿದ್ದೆ.

ಬೆಂಚಿಗೆ ಕೂತರು. ಎಡಗಡೆ ಗೋಡೆಯ ಪಕ್ಕ ನಾಗು, ಅವಳ ಬಲಕ್ಕೆ ಕೃಷ್ಣಪ್ಪ, ಆಚೆ ಸೆಲ್ವಂ. ನಾನು ಹಿಂದೆ. ಶೆಡ್ಡಿನಲ್ಲಿ ಮಾತಿಲ್ಲ, ಗುರಿ ಹಿಡಿದವರ ಹತ್ತಿರ ಮಾತಾಡಬಾರದೆಂಬುದೂ ನಿಯಮವೇ. ಟಪ್, ಟಪ್ ಎಂದು ಕಾರ್ಡಿಗೆ ಬೀಳುವ ಸದ್ದು ಮಾತ್ರ. ಸ್ವಲ್ಪ ಹೊತ್ತಾದ ಮೇಲೆ ಗಾಳಿಗೆ ಕೃಷ್ಣಪ್ಪನ ಕಾರ್ಡು ಕ್ಲಿಪ್ಪಿನಿಂದ ಕಳಚಿ ನೆಲಕ್ಕೆ ಬಿತ್ತು. ನಾನು "ಸ್ಟಾಪ್" ಎಂದೆ. ಸೆಲ್ವಂ ರೈಫಲ್ ಮಡಚಿ ಹಿಂದೆ ಬಂದ. ಕೃಷ್ಣಪ್ಪನೂ ಮಡಚಿಟ್ಟ. ಆದರೆ ತನ್ನ ತೋಟ, ತನ್ನ ಶೆಡ್ಡು, ಬಿದ್ದದ್ದು ತನ್ನ ಕಾರ್ಡು. ನಾನು 'ಹೋಗಿ' ಎನ್ನುವ ಮೊದಲೇ ಪಂಚೆ ಎತ್ತಿ ಕಟ್ಟಿಕೊಂಡು ಸರಸರ ಮುಂದೆ ನಡೆದ.

ನಾಗು ಬೆಂಚು ಬಿಟ್ಟಿರಲಿಲ್ಲ. ಕೆನ್ನೆ ರೈಫಲ್ಲಿನ ಹಿಡಿಗೆ ಒತ್ತಿಕೊಂಡು ಕೂತೇ ಇದ್ದಳು.

"ಸ್ಟಾಪ್! ನಾಗೂ, ಸ್ಟಾಪ್!" ಎಂದು ಕೂಗಿದೆ. ಮತ್ತೆ ಕೂಗಿದೆ. ಪರೇಡಿನಲ್ಲಿ ಮೈದಾನದ ಆ ತುದಿಗೆ ಕೇಳಿಸುತ್ತಿದ್ದ ದನಿ ಅದು. ಸೆಲ್ವಂ "ಅಕ್ಕಾ!" ಎಂದು ಕಿರುಚಿದ. ಕೃಷ್ಣಪ್ಪ ಕೂಗು ತನಗೇ ಎಂದುಕೊಂಡು, ಬಗ್ಗಿದವನು ಬಗ್ಗಿದಂತೆಯೇ ನಿಂತ. ನಾಗುವಿನ ಬೆರಳು ನಿಧಾನವಾಗಿ ಕುದುರೆಯ ಮೇಲೆ ಹೋಯಿತು. ನಾನು ಅವಳ ಬೆನ್ನಿಗೆ ಎಷ್ಟು ಹತ್ತಿರವಿದ್ದೆನೆಂದರೆ ಅವಳ ಹೆರಳಿಗೆ ಹಚ್ಚಿದ ಎಣ್ಣೆಯ ವಾಸನೆ ಬರುತ್ತಿತ್ತು. ಕೈ ಚಾಚಿದೆ. ಭುಜದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಈಗ ಅವಳ ರೈಫಲ್ ಅವಳ ಕಾರ್ಡಿನ ಮೇಲಿದೆ. ಕೃಷ್ಣಪ್ಪನ ತಲೆ ಅದರಿಂದ ಒಂದು ಮೊಳ ಬಲಕ್ಕೆ. ಮುಟ್ಟಿದರೆ ಬೆಚ್ಚುತ್ತಾಳೆ. ಬೆಚ್ಚಿದರೆ ಯಾವ ಕಡೆಗೆ?

ಮುಟ್ಟಲಿಲ್ಲ. ಟಪ್.

ಗುಂಡು ಅವಳ ಕಾರ್ಡಿನ ನಡುವೆ ಹೋಯಿತು. ಕೃಷ್ಣಪ್ಪ ಎದ್ದು ನಿಂತು ಬಲಗಿವಿ ಮುಟ್ಟಿ ನೋಡಿಕೊಂಡ, ಆಮೇಲೆ ಎಡಗಿವಿ. "ಇದೆ" ಎಂದ.

ಆಗ ನಾಗು ತಲೆಯೆತ್ತಿದಳು. ಮುಂದೆ ನಿಂತ ಕೃಷ್ಣಪ್ಪನನ್ನು ನೋಡಿದಳು, ತನ್ನ ರೈಫಲ್ ನೋಡಿದಳು. ನಳಿಗೆ ಮಡಚಿ, ದಾರ ತೂರಿಸಿ, ಮೆಲ್ಲಗೆ ಕೆಳಗಿಟ್ಟಳು. ಆ ಹೊತ್ತಿನಲ್ಲೂ ಕ್ರಮ ತಪ್ಪಲಿಲ್ಲ ಅವಳು. ಸೊಂಟದ ಸಂಚಿಯಿಂದ ಕಿವಿಯ ಮಿಷನ್ ತೆಗೆದು ಹಾಕಿಕೊಳ್ಳುವುದನ್ನು ನಾವು ಮೂವರೂ ನೋಡುತ್ತ ನಿಂತೆವು.

"ಕೆನ್ನೆ ಒತ್ತಿದ ತಕ್ಷಣ ಇದು ಕುಯ್ಯೋ ಅಂತ ಕೂಗತ್ತೆ ಕಣೇ" ಎಂದಳು. "ತೆಗೆದಿಟ್ಟಿದ್ದೆ."

"ಯಾವಾಗಿಂದ?"

"ಹಾಕ್ಸಿದಾಗಿಂದ. ಇವರಿಬ್ರು ಎದ್ದು ಹಿಂದೆ ಹೋಗೋದು ಪಕ್ಕದಲ್ಲಿ ಕಾಣಿಸ್ತಿತ್ತು, ನಾನೂ ಎದ್ದು ಬರ್ತಿದ್ದೆ. ಇವತ್ತು ಕೃಷ್ಣಪ್ಪ ಹಿಂದೆ ಹೋಗ್ಲಿಲ್ಲ."

ಕೃಷ್ಣಪ್ಪ, "ನಂದೇ ತಪ್ಪು ಟೀಚರಮ್ಮ. ಹೇಳಕ್ ಮುಂಚೆ ನಡ್ದ್‌ಬುಟ್ಟೆ" ಎಂದ. ಆಮೇಲೆ ಅವಳ ಮುಖ ನೋಡಲಾರದೆ, "ಆದ್ರೂ ಅಕ್ಕ, ಗುರಿ ಅಂದ್ರೆ ಗುರಿ. ನಾನ್ ಪಕ್ಕದಲ್ಲಿದ್ರೂ ನಿಮ್ ಕಾರ್ಡಿಗೇ ಹೊಡ್ದ್ರಿ. ನಾನಾಗಿದ್ರೆ ನಿಮ್ ಮೂಗೇ ಹೋಗ್ತಿತ್ತು" ಎಂದ.

ನಾನು ನಿಯಮ ಹೇಳಿದೆ. ಕೃಷ್ಣಪ್ಪನಿಗೂ ನಾಗುವಿಗೂ ಇವತ್ತು ಬೆಂಚಿಲ್ಲ. ಹೇಳುವಾಗ ದನಿ ಸರಿಯಾಗಿಯೇ ಇತ್ತು. ಕೃಷ್ಣಪ್ಪ ತಲೆಯಾಡಿಸಿ ನೀರು ಬಿಡಲು ಗುಲಾಬಿಯ ಕಡೆ ಹೋದ. ಒಂದೇ ಶಿಕ್ಷೆ, ಇಬ್ಬರಿಗೂ ಸಮ. ಅವನು ಮುಂದಿನ ಭಾನುವಾರ ಬಂದು ಕೂರುತ್ತಾನೆ ಎಂಬುದು ಆಗಲೇ ಗೊತ್ತಿತ್ತು. ನಾಗು ಕೂರುವುದಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರಿಗೂ ಒಂದೇ ದನಿಯಲ್ಲಿ ಹೇಳಿದೆ.

ಸೆಲ್ವಂಗೆ ಕೈ ಸುಮ್ಮನಿರುವುದಿಲ್ಲ. "ಟೀಚರ್, ಕಾರ್ಡ್ ಮೇಲೆ ಒಂದು ರೆಡ್ ಲೈಟ್ ಪೋಟ್ಟುಡಲಾಂ. ಸ್ಟಾಪ್ ಅಂದ್ರೆ ಲೈಟ್. ನಾನೇ ಹಾಕ್ಕೊಡ್ತೀನಿ, ಅರ್ಧ ದಿನ ಸಾಕು" ಎಂದ. ನನಗೆ ಜೀವ ಬಂದಂತಾಯಿತು. ನಾಗುವಿನ ಕಡೆ ನೋಡಿದೆ.

"ಲೈಟು ನೋಡ್ತಾ ಕೂತ್ರೆ ಗುರಿ ಎಲ್ಲಿ ನೋಡ್ಲಪ್ಪ?" ಎಂದಳು.

"ಹಾಗಾದ್ರೆ ನಾವಿಬ್ರೇ ಬರೋಣ ಕಣೇ, ಶನಿವಾರ" ಎಂದೆ. "ಮುಂದೆ ಹೋಗೋರೇ ಇರಲ್ಲ."

"ಯಾಕೆ, ನಾನೇನು ಕಚ್ಚೋ ನಾಯಿನಾ, ಬೇರೆ ಕಟ್ಟಿ ಹಾಕಕ್ಕೆ?" ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು: "ಮನೇಲಿ ಎಲ್ರೂ ನನ್ನತ್ರ ಕೂಗಿ ಮಾತಾಡ್ತಾರೆ ಸುಬ್ಬು. ಬಸ್ಸಲ್ಲಿ ಕೂಗ್ತಾರೆ, ಅಂಗಡೀಲಿ ಕೂಗ್ತಾರೆ. ಇಲ್ಲಿ ಯಾರೂ ಮಾತಾಡಲ್ಲ. ನಿಮಗೂ ಏನೂ ಕೇಳ್ಸಲ್ಲ, ನಂಗೂ ಏನೂ ಕೇಳ್ಸಲ್ಲ. ಇಲ್ಲಿ ನಾನು ಕಿವುಡಿ ಅಲ್ಲ. ನೀನು ನಂಗೊಬ್ಬಳಿಗೆ ಲೈಟು ಹಾಕಿದ್ರೆ, ಇಲ್ಲೂ ಕಿವುಡಿ ಆದೆ."

ಮೌನದ ಆ ನಿಯಮ ಮಾಡಿದವಳು ನಾನು. ಅದರೊಳಗೆ ಇವಳು ಇಷ್ಟು ದಿನ ಮನೆ ಮಾಡಿಕೊಂಡಿದ್ದಳೆಂದು ನನಗೆ ತಿಳಿದಿರಲಿಲ್ಲ. ಹೊಡೆಯುವವರ ಬೆನ್ನ ಹಿಂದೆಯೇ ನಿಂತು ಕೊರಳು, ಮೊಣಕೈ, ಬೆರಳು ನೋಡುತ್ತಿದ್ದೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಬೆಂಚಿಲ್ಲ ಅಂದ್ಯಲ್ಲ, ಯಾವಾಗ್ಲೂ ನೀನು ಹೇಳೋದು ಸರಿನೇ ಇರತ್ತೆ ಹೋಗು" ಎಂದು ಎದ್ದಳು. "ಭುಜ ಮುಟ್ಟಕ್ಕೆ ಬಂದ್ಯಂತೆ?"

"ಯಾರು ಹೇಳಿದ್ದು?"

"ನಾನು ತಲೆ ಎತ್ತಿದಾಗ ನಿನ್ನ ಕೈ ಇನ್ನೂ ಇಲ್ಲೇ ಇತ್ತಲ್ಲ."

ಸೆಲ್ವಂ ತನ್ನ ಕಾರಿನಲ್ಲಿ ಅವಳನ್ನು ತೊರಪಲ್ಲಿಗೆ ಬಿಟ್ಟುಬರಲು ಹೋದ. ರೈಫಲ್ಲನ್ನು ಬೆಂಚಿನ ಮೇಲೇ ಬಿಟ್ಟುಹೋಗಿದ್ದಳು. ಹಾಗೆ ಬಿಡುವವಳೇ ಅಲ್ಲ. ಕೃಷ್ಣಪ್ಪ ಅದನ್ನು ಮುಟ್ಟಲು ಬಂದು, ನನ್ನ ಕಡೆ ನೋಡಿ ಕೈ ಹಿಂದೆಳೆದುಕೊಂಡ. ಮಾಲೀಕರನ್ನು ಕೇಳದೆ ಮುಟ್ಟುವ ಹಾಗಿಲ್ಲವಲ್ಲ. ನಾನೇ ಮುಟ್ಟಿದೆ. ಬಟ್ಟೆ ಸುತ್ತಿ ಪಕ್ಕಕ್ಕಿಟ್ಟುಕೊಂಡೆ. ಮೂಟೆಯ ಬುಡದಲ್ಲಿ ಬಿದ್ದ ಸೀಸ ಗುಡಿಸಿದೆ. ಬೆಂಚು ಒರೆಸಿದೆ, ಕೈ ತೊಳೆದೆ. ಆವತ್ತು ಕಾಫಿ ಕುಡಿಯಲಿಲ್ಲ.

ಸಂಜೆ ತೊರಪಲ್ಲಿಗೆ ಹೋದೆ. ನಾಗು ಇರುವುದು ತಂಗಿ ವಿಮಲಳ ಮನೆಯಲ್ಲಿ. ತುಂಬಿದ ಮನೆ, ಟಿ.ವಿ., ಮಿಕ್ಸಿ, ಹೋಂವರ್ಕು ಮಾಡದ ಮಕ್ಕಳು. ವಿಮಲ ಬಾಗಿಲಲ್ಲೇ, "ಅಕ್ಕಾ! ಸುಬ್ಬಕ್ಕ ಬಂದಿದ್ದಾರೆ! ಸುಬ್ಬಕ್ಕಾ!" ಎಂದು ಕೆರೆಯ ಆಚೆ ದಡಕ್ಕೆ ಕೂಗುವಂತೆ ಕೂಗಿದಳು. "ಕೇಳ್ಸತ್ತೆ, ಕಿರುಚ್ಬೇಡ್ವೇ" ಎನ್ನುತ್ತ ನಾಗು ಹೊರಬಂದು, ನನ್ನ ಕೈಯಲ್ಲಿದ್ದ ರೈಫಲ್ಲಿನ ಗಂಟು ನೋಡಿ, ತನ್ನ ಕೋಣೆಗೆ ಕರೆದೊಯ್ದಳು.

ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ಬೇರೆ ಬಗೆಯ ಮಿಷನ್ ಸಿಗುತ್ತದಂತೆ ಎನ್ನಬೇಕು. ಎಲ್ಲರಿಗೂ ಲೈಟೇ ಹಾಕೋಣ, ಕೂಗುವುದನ್ನೇ ಬಿಡೋಣ ಎನ್ನಬೇಕು. ಶುರು ಮಾಡಿದೆ. ಅವಳು ಒಂದು ಕೈ ಎತ್ತಿದಳು, ನನ್ನ 'ಸ್ಟಾಪ್' ನನಗೇ ಹೇಳುವ ಹಾಗೆ.

"ಎಲ್ರಿಗೂ ಲೈಟು ಹಾಕು. ಒಳ್ಳೇದು, ಹಾಕ್ಸು" ಎಂದಳು. "ನಾನು ಬರಲ್ಲ. ಲೈಟಿನ ಮಾತಲ್ಲ ಕಣೇ ಇದು. ಬೆಳಿಗ್ಗೆಯಿಂದ ಕಣ್ಣು ಮುಚ್ಚಿದ್ರೆ ಕೃಷ್ಣಪ್ಪ ಕಿವಿ ಮುಟ್ಟಿ ನೋಡ್ಕೊಳ್ಳೋದು ಕಾಣತ್ತೆ. ಇನ್ನು ಗುರಿ ಹಿಡಿದ್ರೆ ನಂಗೆ ಕಾರ್ಡ್ ಕಾಣಲ್ಲ, ಅವನೇ ಕಾಣೋದು."

ನಾನು ಆ ದಿನಕ್ಕೆ ಮಾತ್ರ ಬೆಂಚಿಲ್ಲ ಎಂದಿದ್ದೆ. ಅವಳು ಅದನ್ನು ತಾನೇ ಉದ್ದ ಮಾಡಿಕೊಂಡಳು. ನಾನು ಹಾಕಿದ ಶಿಕ್ಷೆಯಾಗಿದ್ದರೆ ನಾನು ತೆಗೆಯಬಹುದಿತ್ತು.

ಇಬ್ಬರೂ ನೆಲದ ಮೇಲೆ ಹಳೇ ಪೇಪರ್ ಹಾಸಿ ಕೂತೆವು. ಅವಳು ನಳಿಗೆಗೆ ಬಟ್ಟೆ ತೂರಿಸಿ ಎಳೆದಳು. ನಾನು ಮರದ ಭಾಗ ಒರೆಸಿದೆ. ಕೆನ್ನೆ ಒತ್ತುವ ಜಾಗದಲ್ಲಿ ಪಾಲಿಶ್ ಹೋಗಿ ಮರ ನುಣ್ಣಗೆ ಬಿಳಿಚಿಕೊಂಡಿತ್ತು. ಎಣ್ಣೆ ತೆಳ್ಳಗೆ ಹಚ್ಚಿದಳು, ಹೆಚ್ಚಾದದ್ದನ್ನು ತೆಗೆದಳು. ನಳಿಗೆ ಮುಚ್ಚಿದಳು. ಹಳೇ ಕಾಟನ್ ಸೀರೆಯಲ್ಲಿ ಸುತ್ತಿ, ಎರಡು ಕಡೆ ದಾರ ಕಟ್ಟಿದಳು.

"ಅಟ್ಟದ ಮೇಲಿಡು. ನಂಗೆ ಸ್ಟೂಲ್ ಹತ್ತಕ್ಕಾಗಲ್ಲ" ಎಂದಳು.

ಅಡುಗೆಮನೆಯಿಂದ ಸ್ಟೂಲ್ ತಂದು ನಾನು ಹತ್ತಿದೆ. ಅವಳು ಸ್ಟೂಲ್ ಹಿಡಿದುಕೊಂಡಳು. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳು, ಒಂದು ಹಳೇ ಟ್ರಂಕು. ಬಾಯಿ ಗೋಡೆಯ ಕಡೆ ಬರುವಂತೆ ಅಂಚಿನಲ್ಲಿ ಉದ್ದಕ್ಕೆ ಇಟ್ಟೆ.

"ಇನ್ನೂ ಒಳಗೆ ತಳ್ಳು" ಎಂದಳು ಕೆಳಗಿನಿಂದ.

ತಳ್ಳಿದೆ.

"ಇನ್ನೂ. ಇಲ್ಲಿ ನಿಂತ್ರೆ ನಂಗೆ ಕಾಣಿಸ್ಬಾರ್ದು."

ಟ್ರಂಕಿನ ಹಿಂದಕ್ಕೆ, ತೋಳು ಹೋಗುವಷ್ಟು ದೂರ ತಳ್ಳಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕತ್ತೆತ್ತಿ ನೋಡಿ, ಸರಿ ಎಂದು ತಲೆಯಾಡಿಸಿದಳು. ನಾನು ಇಳಿದೆ. ಸ್ಟೂಲನ್ನು ಅಡುಗೆಮನೆಗೆ ಒಯ್ದು, ಅದು ಇದ್ದ ಮೂಲೆಯಲ್ಲೇ ಇಟ್ಟೆ.